ಎಡಗಡೆಯ ಅರ್ಧ ಹಾಳೆ

ಕಳೆದ ವಾರ ನಮ್ಮ ಹಳೆಯ ಕಚೇರಿಯ ತಾತ್ಯಾ ಮನೆಗೆ ಬಂದಿದ್ದರು. ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಒಂದು ಹಾಳೆ ತೆಗೆದು ಕೈಗೆ ಕೊಟ್ಟು, "ಇದನ್ನ ಟೈಪ್ ಮಾಡಿ ಕೊಡ್ರಿ ಬಾಯಾರ, ಆಫೀಸ್ನ ಬೋರ್ಡಿಗೆ ಹಚ್ಚಬೇಕು" ಎಂದರು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಅದೇ ಕಚೇರಿಯಲ್ಲಿದ್ದ ಅಣ್ಣಾ ತೀರಿಕೊಂಡರೆಂಬುದು ನನಗೆ ತಿಳಿದದ್ದು ಹಾಗೆ, ಟೈಪ್ ಮಾಡಬೇಕಾದ ಒಂದು ಕರಡಿನಿಂದ.

ನಾನು ಬಾಗಿಲಲ್ಲೇ ಕೂತುಬಿಟ್ಟೆ. ತಾತ್ಯಾ ಸಮಾಧಾನದ ಮಾತಾಡುವ ಗೋಜಿಗೆ ಹೋಗಲಿಲ್ಲ. ಅವರಿಗೆ ಇನ್ನೊಂದು ಚಿಂತೆ ಇತ್ತು.

"ಎಕ್ಸ್‌ಪೈರ್ಡ್ ಅಂತ ಬರದೇನಿ. ಅದನ್ನ ಇಡ್ಲ್ಯೋ, ಪಾಸ್ಡ್ ಅವೇ ಅಂತ ಮಾಡ್ಲ್ಯೋ?"

"ಎಕ್ಸ್‌ಪೈರ್ಡ್ ಬ್ಯಾಡ್ರಿ. ಎಕ್ಸ್‌ಪೈರ್ ಆಗೂದು ಲೈಸೆನ್ಸು, ಮನಷ್ಯಾ ಅಲ್ಲ ಅಂತ ಅವರ ಹೇಳ್ತಿದ್ರು."

"ಪಾಸ್ಡ್ ಅವೇ ಅಂದ್ರ ಸುಮ್ಮನ ಬಿಡ್ತಿದ್ದನೇನು? ಯಾವ ಕ್ಲಾಸಿನ್ಯಾಗ ಪಾಸ್ ಆದಾ ಅಂತ ಕೇಳ್ತಿದ್ದಾ" ಎಂದು ತಾತ್ಯಾ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

ಆಗ ಹಾಳೆಯನ್ನು ಸರಿಯಾಗಿ ನೋಡಿದೆ. ಉದ್ದಕ್ಕೆ ಮಡಚಿ, ಬಲಗಡೆಯ ಅರ್ಧದಲ್ಲಿ ಮಾತ್ರ ಬರೆದಿದ್ದರು. ಎಡಗಡೆಯ ಅರ್ಧ ಖಾಲಿ. ತಿದ್ದುವವನು ಸತ್ತ ಎಂದು ಬರೆದ ಹಾಳೆಯಲ್ಲೂ ತಿದ್ದುವವನಿಗೆ ಜಾಗ ಬಿಟ್ಟಿದ್ದರು. ಈ ಎಡಗಡೆಯ ಅರ್ಧದ ವಿಷಯ ಹೇಳದೆ ನಾನು ಅಣ್ಣಾ ಅವರ ವಿಷಯ ಹೇಳಲಾರೆ.

ಎಪ್ಪತ್ತರ ದಶಕದಲ್ಲಿ ಪುಣೆಯ ಶಿವಾಜಿನಗರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಧಾರವಾಡದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಪುಣೆಗೆ ಬಂದವಳು. ಅಣ್ಣಾ ಪತ್ರವ್ಯವಹಾರ ವಿಭಾಗದ ಹೆಡ್‌ಕ್ಲರ್ಕ್, ವಿಜಾಪುರದ ಇಂಡಿ ಕಡೆಯವರು. ಹೆಸರು ಬೇರೆಯೇ ಇತ್ತು. ಆದರೆ ಪುಣೆಯಲ್ಲಿ ಕನ್ನಡದ ಗಂಡಸಿಗೆ ತಲೆ ಸ್ವಲ್ಪ ನರೆತರೆ ಮರಾಠಿಗರೂ ಸೇರಿ ಅಣ್ಣಾ ಎಂದುಬಿಡುತ್ತಾರೆ. ತಾತ್ಯಾ ಲೆಕ್ಕಪತ್ರ ವಿಭಾಗದ ಹೆಡ್‌ಕ್ಲರ್ಕ್. ಮನೆಮಾತು ಮರಾಠಿ, ಹುಟ್ಟಿದ್ದು ಬೆಳಗಾವಿ. ಹಾಗಾಗಿ ಅವರಿಬ್ಬರೂ ಕನ್ನಡದಲ್ಲಿ ಜಗಳಾಡಿ, ಮರಾಠಿಯಲ್ಲಿ ರಾಜಿಯಾಗುತ್ತಿದ್ದರು. ಜಗಳ ಮಾತ್ರ ಯಾವಾಗಲೂ ಇಂಗ್ಲಿಷಿನದು.

ನಮ್ಮ ಕಚೇರಿಯಲ್ಲಿ ಯಾವ ಪತ್ರವೂ ನೇರವಾಗಿ ಹುಟ್ಟುತ್ತಿರಲಿಲ್ಲ. ಮೊದಲು ಗುಮಾಸ್ತ ಹಾಳೆ ಮಡಚಿ ಬಲಗಡೆ ಕರಡು ಬರೆಯಬೇಕು. ಹಿರಿಯರು ಎಡಗಡೆ ತಮ್ಮ ಆಕ್ಷೇಪಣೆ ಹಾಕಬೇಕು. ಒಂದು ಆಕ್ಷೇಪಣೆಗೆ ಉತ್ತರ ಬಾಕಿ ಇದ್ದರೂ ಶುದ್ಧಪ್ರತಿ ಟೈಪ್ ಮಾಡುವ ಹಾಗಿಲ್ಲ. ಯಾರು ಈ ಕಟ್ಟಳೆ ಮಾಡಿದರೋ ಗೊತ್ತಿಲ್ಲ, ಸಾಹೇಬರು ಬದಲಾಗುತ್ತಿದ್ದರು, ಇದು ಬದಲಾಗುತ್ತಿರಲಿಲ್ಲ. ಅಣ್ಣಾ ಅವರ ರಾಜ್ಯ ಈ ಎಡಗಡೆಯ ಅರ್ಧ ಹಾಳೆ.

ನಾನು ಸೇರಿದ ಹೊಸತರಲ್ಲಿ ಅವರು ಬರೆಸಿದ ಒಂದು ಪತ್ರದಲ್ಲಿ, ನನ್ನ ಬಿ.ಎ. ಜಂಬದಿಂದ, ಒಂದು ಶಬ್ದವನ್ನು ಬದಲಿಸಿ ಟೈಪ್ ಮಾಡಿದ್ದೆ. ಅಣ್ಣಾ ಓದುವಾಗ ಒಂದು ಕಣ್ಣು ಮುಚ್ಚುತ್ತಿದ್ದರು. ತಪ್ಪಿನ ಮೇಲೆ ಪೆನ್ನು ಬಂದು ನಿಂತು, ಮುಟ್ಟದೆ ಗಾಳಿಯಲ್ಲೇ ಅಲ್ಲಾಡುತ್ತಿತ್ತು. ನನ್ನ ಶಬ್ದದ ಮೇಲೆ ಅದು ಬಹಳ ಹೊತ್ತು ಅಲ್ಲಾಡಿತು. ಬೈಯಲಿಲ್ಲ.

"ಬಾಯಾರ, ಸರಕಾರಕ್ಕ ಕಣ್ಣಿಲ್ಲರಿ. ನನ್ನ ಅಂಗಿ ಹರದದ್ದು ಅದಕ್ಕ ಕಾಣಸೂದಿಲ್ಲ, ನೀವು ಹಸದದ್ದು ಕಾಣಸೂದಿಲ್ಲ. ವಾಕ್ಯ ಅಷ್ಟ ಕಾಣಸ್ತದ. ಅದಾದ್ರೂ ನೆಟ್ಟಗ ಇರಲಿ" ಎಂದರು.

ನನಗೆ ಸಿಟ್ಟು ಬಂದಿತ್ತು. ಅವರು ಮೆಟ್ರಿಕ್, ನಾನು ಬಿ.ಎ. ಆದರೆ ಅವರು ಹೇಳಿದ್ದು ಸರಿಯಿತ್ತು ಎಂದು ನಿಘಂಟು ನೋಡಿ ಗೊತ್ತಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಒಮ್ಮೆ ಎಲ್ಲರೂ ಲೋಣಾವಳಾಕ್ಕೆ ಹೋಗಿದ್ದೆವು. ಮಳೆಯಲ್ಲಿ ನೆನೆದು, ಚಿಕ್ಕಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಬರುವಾಗ ಒಂದು ಹೋಟೆಲಿನ ಮುಂದೆ ಅಣ್ಣಾ ನಿಂತರು. ಬಣ್ಣದ ಬೋರ್ಡಿನಲ್ಲಿ ಇಂಗ್ಲಿಷ್ ಸಾಲೊಂದಿತ್ತು. ಅವರ ಒಂದು ಕಣ್ಣು ಮುಚ್ಚಿತು. ಗಲ್ಲೆಯ ಮೇಲಿದ್ದ ಮಾಲಕನಿಗೆ ಅದು ತಪ್ಪೆಂದು ತಿಳಿಸಿ ಹೇಳತೊಡಗಿದರು. ಆತ ಪಾಪ, ಚಹಾ ಬೇಕೋ ಬೇಡವೋ ಎಂದಷ್ಟೇ ಕೇಳುತ್ತಿದ್ದ. ಅಷ್ಟರಲ್ಲಿ ತಾತ್ಯಾ ಬಂದು, ಬೋರ್ಡು ಸರಿಯಾಗಿಯೇ ಇದೆ, ಅಣ್ಣಾನದೇ ತಪ್ಪು ಎಂದರು. ಇನ್ನೇನು, ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತರು. ಲೋಕಲ್ ಗಾಡಿ ಬಂತು, ನಾವೆಲ್ಲ ಹತ್ತಿದೆವು, ಕಿಟಕಿಯಿಂದ ಕೂಗಿದೆವು. ಅವರು ಕೈ ಎತ್ತಿ, ಬಂದೆವು, ಒಂದು ಮಾತು ಬಾಕಿ ಇದೆ ಎಂಬಂತೆ ಸನ್ನೆ ಮಾಡಿದರು. ಗಾಡಿ ಹೊರಟಿತು. ಆ ಸನ್ನೆ ನೆನೆದು ನಾವು ಪುಣೆಯವರೆಗೆ ನಕ್ಕೆವು. ಈಗ ನೆನೆದರೆ ನಗು ಬರುವುದಿಲ್ಲ.

ಅಣ್ಣಾ ಅವರಿಗೆ ಒಬ್ಬ ತಮ್ಮನಿದ್ದ. ಅವರಿಗಿಂತ ಬಹಳ ಚಿಕ್ಕವನು, ಮಗನ ಹಾಗೆ ಬೆಳೆಸಿದ್ದರು. ಶಾಲೆ ತಲೆಗೆ ಹತ್ತದೆ ಪಿಂಪ್ರಿಯ ಒಂದು ಕಾರ್ಖಾನೆಗೆ ಸೇರಿದ. ಅಲ್ಲಿ ಗೇಟಿನ ಮುಂದೆ ಒಂದು ಸಂಜೆ ಹೊಡೆದಾಟವಾಯಿತು. ಒಬ್ಬ ಸತ್ತ. ಸತ್ತವನ ತಲೆಗೆ ಬಿದ್ದ ಸಲಾಕೆ ಇವನ ಕೈಯಲ್ಲಿತ್ತು ಎಂದು ನೋಡಿದವರು ಹೇಳಿದರು. ಇವನೂ ಇಲ್ಲವೆನ್ನಲಿಲ್ಲ.

ಶಿಕ್ಷೆಯ ಮಾತು ಬಂದಾಗ ಅಣ್ಣಾ ವಕೀಲರನ್ನೂ ಕೇಳದೆ ತಾವೇ ಇಂಗ್ಲಿಷಿನಲ್ಲಿ ಒಂದು ಬಿನ್ನಹ ಬರೆದು ಕೋರ್ಟಿಗೆ ಕೊಟ್ಟರು. ಊರ ಕಾಗದಕ್ಕೆಲ್ಲ ಎಡಗಡೆ ಬಿಡುವವರು ಅಂದು ಬಿಟ್ಟಿರಲಿಲ್ಲ. ಒಂದೇ ಏಟಿಗೆ ಬರೆದಿದ್ದರು, ಅಳುತ್ತ ಬರೆದಿದ್ದರು. ನಾನು ಅಂದು ಕೋರ್ಟಿನಲ್ಲಿದ್ದೆ, ವೈನಿಯ ಪಕ್ಕದಲ್ಲಿ. ವೈನಿ ಎಂದರೆ ಅಣ್ಣಾ ಅವರ ಹೆಂಡತಿ. ಸರ್ಕಾರದ ವಕೀಲ ಅದನ್ನು ಎತ್ತಿಕೊಂಡು ಒಂದು ಸಾಲನ್ನು ಗಟ್ಟಿಯಾಗಿ ಓದಿದ. ನಿಲ್ಲಿಸಿದ. ಮತ್ತೊಮ್ಮೆ ಓದಿದ. ಏನು ತಪ್ಪಿತ್ತೋ, ಬರೆಯುವ ಅವಸರದಲ್ಲಿ ಯಾರಿಗೂ ಆಗಬಹುದಾದದ್ದು. ವಕೀಲರ ಸಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ತುಟಿ ಬಿಗಿಹಿಡಿದರು. ಕಟಕಟೆಯಲ್ಲಿ ನಿಂತಿದ್ದ ತಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದಾರೆ, ಒಳ್ಳೆಯದೇ ಏನೋ ಆಯಿತೆಂದು ಅವನೂ ನಕ್ಕ. ಅಣ್ಣಾನ ಕಡೆ ತಿರುಗಿ ನಕ್ಕ.

ಜೀವಾವಧಿ ಶಿಕ್ಷೆಯಾಯಿತು. ಅದು ಆಗುವುದೇ ಇತ್ತು ಎಂದು ಎಲ್ಲರೂ ಹೇಳಿದರು, ವಕೀಲರೂ ಹೇಳಿದರು. ಅಣ್ಣಾ ನಂಬಲಿಲ್ಲ. "ನನ್ನ ಇಂಗ್ಲಿಷ್ ಅವನ್ನ ಒಳಗ ಹಾಕಿತು ಬಾಯಾರ" ಎಂದು ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ಹೇಳಿದರು, ಹವೆ ಚೆನ್ನಾಗಿಲ್ಲ ಎನ್ನುವ ಧಾಟಿಯಲ್ಲಿ.

ಅವರು ಪೇಟೆಯ ಮನೆ ಬಿಟ್ಟು, ತಮ್ಮನಿದ್ದ ಜೈಲಿನ ಹತ್ತಿರ, ಯೆರವಡಾದಲ್ಲಿ ಎರಡು ಕೋಣೆ ಹಿಡಿದರು. ಊರಿನಿಂದ ತಾಯಿ ಬಂದಳು. ಮೊದಮೊದಲು ಮುದುಕಿ ಮುಲಾಖತ್ತಿಗೆ ಹೋಗಿ ಜಾಳಿಗೆಯ ಆಚೆಯಿಂದ ಮಗನನ್ನು ನೋಡಿ ಬರುತ್ತಿದ್ದಳು. ಮುಟ್ಟಲಾಗುತ್ತಿರಲಿಲ್ಲ, ತಿನ್ನಿಸಲಾಗುತ್ತಿರಲಿಲ್ಲ. ಅಣ್ಣಾ ಹೋಗುತ್ತಿರಲಿಲ್ಲ. ಬಿಡಿಸುವ ಕಾಗದ ಕೈಯಲ್ಲಿ ಹಿಡಿದೇ ಅವನ ಮುಖ ನೋಡುತ್ತೇನೆ ಎನ್ನುತ್ತಿದ್ದರು. ಆಮೇಲೆ ಮುದುಕಿಯ ಹೊಟ್ಟೆಯಲ್ಲಿ ಗಡ್ಡೆ ಎಂದಾಯಿತು. ಹಾಸಿಗೆ ಹಿಡಿದಳು.

ಆ ವರ್ಷ ದಸರೆಗೆ ಬನ್ನಿ ಕೊಡಲು ಹೋಗಿದ್ದೆ. ಮುದುಕಿಯ ಹೊರಸನ್ನು ಕಿಟಕಿಯ ಕಡೆ ತಿರುಗಿಸಿ ಹಾಕಿದ್ದರು. ಸಾಲುಮನೆಗಳ ಮೇಲೆ ಜೈಲಿನ ಗೋಡೆಯ ಒಂದು ತುಂಡು ಕಾಣುತ್ತಿತ್ತು.

"ಅಲ್ಲೇ ಅದಾನವಾ" ಎಂದಳು. "ಒದರಿದ್ರ ಕೇಳಸ್ತದ. ಒದರಬಾರದಂತ."

ಅವಳಿಗೆ ಬೇಕಾಗಿದ್ದದ್ದು ಒಂದೇ. ಮಗ ಮನೆಗೆ ಬರಬೇಕು, ಅವನಿಗೆ ತನ್ನ ಕೈಯಿಂದ ಒಂದು ತುತ್ತು ಉಣಿಸಬೇಕು. ತಾಯಿ ಸಾಯುವ ಹಾಗಿದ್ದರೆ ಕೈದಿಯನ್ನು ಪೊಲೀಸರ ಕಾವಲಿನಲ್ಲಿ ಕೆಲವು ತಾಸು ಮನೆಗೆ ಕಳಿಸುವ ಪದ್ಧತಿ ಇತ್ತು. ಒಂದು ಅರ್ಜಿ, ಡಾಕ್ಟರರ ಚೀಟಿ, ಅಷ್ಟೇ. ಡಾಕ್ಟರರು ಚೀಟಿ ಕೊಟ್ಟು, ದೀಪಾವಳಿ ದಾಟುವುದು ಕಷ್ಟ ಎಂದು ಬಾಯಿಂದಲೂ ಹೇಳಿದರು. ಅಣ್ಣಾ ಅರ್ಜಿ ಬರೆಯಲು ಕೂತರು.

ಈ ಸಲ ಹಾಳೆ ಮಡಚಿದರು. ಬಲಗಡೆ ಬರೆದು, ಎಡಗಡೆ ಬಿಟ್ಟು, ಕಚೇರಿಯ ಕಾಗದದ ಹಾಗೆಯೇ ತಾತ್ಯಾರ ಮುಂದೆ ಇಟ್ಟರು. "ಮುಲಾಜ ಇಲ್ಲದ ತಿದ್ದು" ಎಂದರು. ತಾತ್ಯಾ ಮುಲಾಜಿಲ್ಲದೆ ತಿದ್ದಿದರು. ನಾನು ಟೈಪ್ ಮಾಡಿದೆ. ಅದನ್ನು ಅಣ್ಣಾ ಮತ್ತೆ ತಿದ್ದಿದರು. ಮತ್ತೆ ಕರಡು, ಮತ್ತೆ ಆಕ್ಷೇಪಣೆ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದಿಟ್ಟು, ರೊಟ್ಟಿ ಒಣಗುವವರೆಗೆ ಇದೇ ನಡೆಯುತ್ತಿತ್ತು. ಎಲ್ಲ ಸಾಲುಗಳೂ ಒಂದೊಂದಾಗಿ ಇತ್ಯರ್ಥವಾದವು. ಕೊನೆಗೆ ಒಂದು ಶಬ್ದ ಉಳಿಯಿತು. ರೂಥ್.

ರೂಥ್‌ಲೆಸ್ ಎಂದರೆ ಕರುಣೆಯಿಲ್ಲದವನು. ಅದು ನಮಗೆಲ್ಲ ಗೊತ್ತು. ಹಾಗಾದರೆ ರೂಥ್ ಎಂದರೆ ಕರುಣೆ. ಅಣ್ಣಾ ಕೊನೆಯ ಸಾಲಿನಲ್ಲಿ ಅದನ್ನು ಬರೆದಿದ್ದರು. ಅಂಥ ಶಬ್ದವೇ ಇಲ್ಲ ಎಂದು ತಾತ್ಯಾ ಎಡಗಡೆ ಬರೆದರು. ಸಾಹೇಬರ ಕೋಣೆಯಿಂದ ದೊಡ್ಡ ನಿಘಂಟು ತರಿಸಿ ನೋಡಿದರೆ ಶಬ್ದ ಇತ್ತು, ಈಗ ಬಳಕೆಯಲ್ಲಿಲ್ಲ ಎಂಬ ಗುರುತಿನೊಂದಿಗೆ.

"ಇದ್ರೇನಾತು?" ಎಂದರು ತಾತ್ಯಾ. "ನಮ್ಮಜ್ಜನ ಪೇಟಾನೂ ಟ್ರಂಕಿನ್ಯಾಗ ಅದ. ಅದನ್ನ ಸುತಗೊಂಡು ಆಫೀಸಿಗೆ ಬರ್ತೇನೇನು? ಸಾಹೇಬ ಇದನ್ನ ಓದಿ ಯಾರೋ ರೂಥ್ ಬಾಯಿ ಅಂತ ತಿಳಕೋತಾನ. ಮರ್ಸಿ ಅಂತ ಹಾಕು."

"ಮರ್ಸಿ ಅಂದ್ರ ತಪ್ಪು ಮಾಡಿದಾಂವ ಕೇಳೂದು. ಅವ್ವ ಏನು ತಪ್ಪು ಮಾಡ್ಯಾಳ?"

"ಕಂಪ್ಯಾಶನ್ ಅಂತ ಹಾಕು."

"ದಿನಾ ಆಫೀಸ್ನ್ಯಾಗ ಕಂಪ್ಯಾಶನೇಟ್ ಗ್ರೌಂಡ್ ಅಂತ ಬರದು ಬರದು ಆ ಶಬ್ದ ಸವದು ಹೋಗೇದ. ನೀನೂ ಓದೂದಿಲ್ಲ, ನಾನೂ ಓದೂದಿಲ್ಲ. ಇದು ಯಾರೂ ಮುಟ್ಟಲಾರದ ಶಬ್ದ ತಾತ್ಯಾ. ಓದಿದಾಂವ ನಿಂದರತಾನ. ನಿಂತ್ರ ವಿಚಾರ ಮಾಡತಾನ." ಅಣ್ಣಾ ನಿಘಂಟು ಮುಚ್ಚಿ, "ಕರುಣಾ ಇಲ್ಲ ಅನ್ನೂ ಶಬ್ದ ಎಲ್ಲಾರ ಬಾಯಾಗೂ ಅದ. ಅದ ಅನ್ನೂ ಶಬ್ದ ಮಾತ್ರ ಸತ್ತು ಹೋಗೇದ. ಹಿಂಗ ಯಾಕಾತು?" ಎಂದರು.

ಆದರೂ ತಾತ್ಯಾ ಆಕ್ಷೇಪಣೆಯನ್ನು ಹೊಡೆದು ಹಾಕಲಿಲ್ಲ. ನಾನು ಅವರನ್ನು ಬೇರೆಯಾಗಿ ಕರೆದು ಜಗಳ ಮಾಡಿದೆ, ಅಲ್ಲಿ ಮುದುಕಿ ಸಾಯಲಿಕ್ಕೆ ಹತ್ತಿದ್ದಾಳೆ, ನಿಮಗೆ ಶಬ್ದ ಹೆಚ್ಚಾಯಿತೇ ಎಂದು. ತಾತ್ಯಾರ ಮುಖ ಸಣ್ಣದಾಯಿತು.

"ನಾ ಹೂಂ ಅಂದೆ ಅಂತ ಇಟ್ಕೋರಿ ಬಾಯಾರ. ನಾಳೆ ನಾಮಂಜೂರ ಆತು. ಆಗ ತಾತ್ಯಾ ಹೂಂ ಅಂದಿದ್ದಕ್ಕ ಹಿಂಗಾತು ಅಂತ ಅವಂಗ ಅನಸ್ತದ. ನನಗೂ ಅನಸ್ತದ. ನಾ ಹೆಂಗ ಬದುಕ್ಲಿ?"

ಇಬ್ಬರೂ ಹೆದರಿದ್ದರು. ಹೆದರಿದವರ ಕೈಗೆ ಆ ಎಡಗಡೆಯ ಅರ್ಧ ಹಾಳೆ ಸಿಕ್ಕಿತ್ತು. ನಾನು ಅಣ್ಣಾ ಅವರಿಗೂ ಹೇಳಿದೆ. "ಹೆಂಗರ ಇರಲಿ, ಕೊಟ್ಟ ಬಿಡ್ರಿ ಅಣ್ಣಾ. ಅವ್ವಾರ ಹೊತ್ತು ಕಾಯೂದಿಲ್ಲ." ಅವರು ನನ್ನ ಮುಖ ನೋಡದೆ, "ಒಮ್ಮೆ ಗಡಬಡಿ ಮಾಡಿ ಕೊಟ್ಟಿದ್ದೆ. ನೀವೂ ಇದ್ರಿ ಅಲ್ಲೆ" ಎಂದರು. ಹಗಲೆಲ್ಲ ಆ ಅರ್ಜಿ ನನ್ನ ಟೈಪ್‌ರೈಟರಿನ ಪಕ್ಕದಲ್ಲಿರುತ್ತಿತ್ತು. ನನಗೆ ಅದು ಕಂಠಪಾಠವಾಗಿತ್ತು. ಮನೆಯಲ್ಲಿ ಅನ್ನಕ್ಕೆ ಅಕ್ಕಿ ತೊಳೆಯುವಾಗಲೂ ಅದರ ಸಾಲುಗಳು ಬರುತ್ತಿದ್ದವು. ಆ ದಿನಗಳಲ್ಲಿ ನನಗೆ ಅಣ್ಣಾ ಅವರ ಮೇಲೆ ಎಷ್ಟು ಮರುಕವೋ ಅಷ್ಟೇ ಸಿಟ್ಟು ಬರುತ್ತಿತ್ತು.

ಆ ಅರ್ಜಿಯ ಕೊನೆಯ ದಿನಕ್ಕೆ ಬರುವ ಮೊದಲು ಆಮೇಲಿನದ್ದನ್ನು ಹೇಳಿಬಿಡುತ್ತೇನೆ, ಆ ದಿನದ್ದನ್ನು ಹೇಳಿದ ಮೇಲೆ ಬೇರೇನನ್ನೂ ಹೇಳುವ ಮನಸ್ಸು ನನಗಿರುವುದಿಲ್ಲ. ಅಣ್ಣಾ ಮುಂದೆಯೂ ಕೆಲವು ವರ್ಷ ಕಚೇರಿಯಲ್ಲಿದ್ದರು. ಕರಡುಗಳು ಬರುತ್ತಿದ್ದವು. ಅವರು ಓದುತ್ತಿದ್ದರೋ ಇಲ್ಲವೋ, ಎರಡೂ ಕಣ್ಣು ತೆರೆದೇ ಇರುತ್ತಿದ್ದವು. "ಛಲೋ ಅದ, ಹೋಗ್ಲಿ" ಎಂದು ಸಹಿ ಹಾಕುತ್ತಿದ್ದರು. ಗುಮಾಸ್ತರು ಮೊದಲು ಖುಷಿಪಟ್ಟರು, ಆಮೇಲೆ ಅವರಿಗೇ ಹೆದರಿಕೆಯಾಗಿ ಒಬ್ಬರದನ್ನೊಬ್ಬರು ತಿದ್ದಿಕೊಳ್ಳತೊಡಗಿದರು. ತಾತ್ಯಾ ಎಷ್ಟೋ ಸಲ ಬೇಕೆಂದೇ ತಪ್ಪು ಇಂಗ್ಲಿಷ್ ಆಡಿ ಅವರ ಮುಂದೆ ಸುಳಿದಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಳಗಾವಿಯ ಹಟಮಾರಿ ಮನುಷ್ಯ, ಗೆಳೆಯನ ಬಾಯಿಂದ ಒಂದು ಆಕ್ಷೇಪಣೆಗಾಗಿ ಭಿಕ್ಷೆ ಬೇಡಿದ ಹಾಗಿತ್ತು ಅದು. "ಎರಡೂ ನಡೀತಾವ ತಾತ್ಯಾ" ಎನ್ನುತ್ತಿದ್ದರು ಅಣ್ಣಾ. ನಿವೃತ್ತಿಯ ದಿನ ಸಾಹೇಬರು ಮಾನಪತ್ರವನ್ನು ಇಂಗ್ಲಿಷಿನಲ್ಲಿ ಓದಿದರು. ಅದರಲ್ಲಿ ತಪ್ಪುಗಳಿದ್ದವು, ನನಗೇ ತಿಳಿದವು. ಅಣ್ಣಾ ಹಾರ ಹಾಕಿಕೊಂಡು ಕೂತು ಕೇಳಿದರು, ಕೈ ಮುಗಿದರು, ಮನೆಗೆ ಹೋದರು.

ಇನ್ನು ಆ ದಿನ. ಬೆಳಿಗ್ಗೆ ತಾತ್ಯಾ ಬಂದವರೇ ಕರಡು ಕೇಳಿ ತೆಗೆದುಕೊಂಡು ತಮ್ಮ ಆಕ್ಷೇಪಣೆಯ ಮೇಲೆ ಗೀಟು ಎಳೆದರು. "ಇರಲಿ ರೂಥ್" ಎಂದರು. ಮನೆಯಲ್ಲಿ ಹೆಂಡತಿ ಉಗಿದಳು ಎಂದು ಆಮೇಲೆ ತಿಳಿಯಿತು. ನಾನು ಶುದ್ಧಪ್ರತಿ ಟೈಪ್ ಮಾಡಲು ಕೂತೆ. ಅರ್ಧ ಆಗಿತ್ತು, ಸಾಹೇಬರ ಕೋಣೆಗೆ ಫೋನು ಬಂತು, ನನ್ನನ್ನು ಕರೆದರು. ವೈನಿ, ಕಿರಾಣಿ ಅಂಗಡಿಯಿಂದ.

"ಲಗೂನ ಬರ್ರಿ ಅಂತ ಹೇಳ್ರಿ. ಅಷ್ಟ ಹೇಳ್ರಿ" ಎಂದು ಇಟ್ಟುಬಿಟ್ಟರು.

ನಾನು ಓಡಿ ಬಂದು ಹೇಳಿದೆ. ಮುದುಕಿಯ ಕೊನೆಗಾಲ ಎಂದೇ ಎಲ್ಲರಿಗೂ ಅನ್ನಿಸಿತು. ಅಣ್ಣಾ ಎದ್ದರು, ಮತ್ತೆ ಕೂತರು. "ಉಳದದ್ದು ಮುಗಸ್ರಿ ಬಾಯಾರ. ಇವತ್ತ ಕೊಟ್ಟ ಹೋಗ್ತೇನಿ. ಅರ್ಜಿ ಕೊಡೂ ಆಫೀಸು ಸ್ಟೇಷನ್ ಹತ್ರ, ಹಾದ್ಯಾಗ ಅದ. ಇವತ್ತ ಕೊಡಲಿಲ್ಲಂದ್ರ ಮತ್ತ್ಯಾವಾಗ ಕೊಡ್ಲಿ?" ನನಗೂ ಅದು ಸರಿ ಎನ್ನಿಸಿತು. ತಾಯಿ ಸಾಯುತ್ತಿದ್ದರೆ ಅರ್ಜಿಗೆ ಇನ್ನಷ್ಟು ಅವಸರವಲ್ಲವೇ? ಮುಗಿಸಿದೆ. ಅವರೊಬ್ಬರನ್ನೇ ಕಳಿಸಲು ಧೈರ್ಯವಾಗದೆ ನಾನೂ ರಿಕ್ಷಾ ಹತ್ತಿದೆ.

ಆ ಕಚೇರಿಯಲ್ಲಿ ಸಾಲು ಉದ್ದವಿತ್ತು. ಅಣ್ಣಾ ಸಾಲು ತಪ್ಪಿಸಿ ಮುಂದೆ ಹೋಗಲಿಲ್ಲ, ಸರ್ಕಾರಿ ಮನುಷ್ಯ. ಎರಡೂ ಕೈಯಲ್ಲಿ ಅರ್ಜಿ ಹಿಡಿದು, ಮಡಿಕೆ ಬೀಳದ ಹಾಗೆ, ನಿಂತೇ ಇದ್ದರು. ಕೊನೆಗೆ ಕಿಟಕಿಯ ಹತ್ತಿರ ಬಂದಾಗ ಗುಮಾಸ್ತ ಅರ್ಜಿ ಓದಲಿಲ್ಲ. ಮೇಲೆ ಕೈದಿಯ ಹೆಸರು ನೋಡಿ, ಒಳಗೆ ಯಾರನ್ನೋ ಕೇಳಿ, ಮರಾಠಿಯಲ್ಲಿ ಹೇಳಿದ. ಇವನದು ಮಂಜೂರಾಗಿದೆಯಲ್ಲ, ಇವತ್ತೇ ಮನೆಗೆ ಕರೆದುಕೊಂಡು ಹೋಗಿದ್ದಾರೆ, ಊಟದ ಹೊತ್ತಿಗೆ ವಾಪಸು ಮುಟ್ಟಿಸಬೇಕು.

ಅಣ್ಣಾ ಕಿಟಕಿ ಬಿಟ್ಟು ಸರಿಯಲಿಲ್ಲ. "ಅರ್ಜಿ ಯಾರು ಬರೆದರು?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. "ಯಾವ ಭಾಷೆಯಲ್ಲಿತ್ತು?" ಎಂದರು. ಹಿಂದಿನವರು ಗೊಣಗತೊಡಗಿದರು. ನಾನು ಅವರ ತೋಳು ಹಿಡಿದು ಎಳೆದೆ. ಜನ್ಮದಲ್ಲಿ ಅವರನ್ನು ಮುಟ್ಟಿದ್ದು ಅದೊಂದೇ ಸಲ.

ರಿಕ್ಷಾದವನಿಗೆ ಓಡಿಸು ಎಂದೆ. ಬಂಡ್ ಗಾರ್ಡನ್ ಸೇತುವೆಯ ಮೇಲೆ ಮುಂದೆ ಲಾರಿಗಳು ನಿಂತಿದ್ದವು. ಅಣ್ಣಾ ನದಿಯನ್ನೂ ನೋಡಲಿಲ್ಲ, ಲಾರಿಯನ್ನೂ ನೋಡಲಿಲ್ಲ, ಮಡಿಲಲ್ಲಿದ್ದ ಹಾಳೆಯನ್ನು ಅಂಗೈಯಿಂದ ಸವರುತ್ತಿದ್ದರು.

ನಾವು ಹೋದಾಗ ಮನೆಯ ಮೆಟ್ಟಿಲ ಮೇಲೆ ಪೊಲೀಸರು ಚಹಾ ಕುಡಿದಿಟ್ಟ ಕಪ್ಪುಗಳಿದ್ದವು. ವೈನಿ ಬಾಗಿಲಲ್ಲಿದ್ದರು.

"ಈಗ ಹೋದ್ರು" ಎಂದರು. "ನಿಮ್ಮ ಸಲುವಾಗಿ ಭಾಳ ಕಾಯ್ದ. ಇನ್ನ ಸ್ವಲ್ಪ ತಡೀರಿ, ಅಣ್ಣ ಬರ್ತಾನ ಅಂತ ಪೊಲೀಸರ ಕಾಲ ಹಿಡದ."

ವೈನಿ ಮಾರ್ಕೆಟ್ಟಿಗೆ ಹೋಗುತ್ತೇನೆಂದು ಹೇಳಿ ಮುಲಾಖತ್ತಿಗೆ ಹೋಗಿದ್ದರಂತೆ. ಡಾಕ್ಟರರಿಂದ ಇನ್ನೊಂದು ಚೀಟಿ ತಂದು ಕೊಟ್ಟರು, ಮೈದುನ ಒಳಗಿನಿಂದಲೇ ಅರ್ಜಿಯನ್ನು ಮರಾಠಿಯಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿದ. ವಿಚಾರಿಸಲು ಬಂದ ಪೊಲೀಸನಿಗೆ ಮುದುಕಿಯನ್ನು ತೋರಿಸಿದರು. ಮಂಜೂರಾಯಿತು ಎಂದು ತಿಳಿದದ್ದು ಅಂದೇ, ಅಣ್ಣಾ ಕಚೇರಿಗೆ ಹೋದ ಮೇಲೆ. ಕಿರಾಣಿ ಅಂಗಡಿಯ ತುಂಬ ಜನ, ಮೈದುನ ಜೈಲಿನಿಂದ ಬರುತ್ತಾನೆ ಎಂದು ಫೋನಿನಲ್ಲಿ ಹೇಗೆ ಹೇಳುವುದು? ಮೊದಲೇ ಅಣ್ಣಾಗೆ ಯಾಕೆ ಹೇಳಲಿಲ್ಲ ಎಂದು ನಾನು ಮೆಲ್ಲಗೆ ಕೇಳಿದೆ.

"ಹೇಳಿದ್ರ, ಕೊಡು ತಿದ್ದತೇನಿ ಅಂತಿದ್ರು" ಎಂದರು ವೈನಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಒಳಗೆ ಹೊರಸಿನ ಪಕ್ಕದಲ್ಲಿ ತಾಟು ಇತ್ತು. ಸಜ್ಜಿ ರೊಟ್ಟಿ, ಪುಂಡಿಪಲ್ಯ. ಅರ್ಧ ರೊಟ್ಟಿ ಉಳಿದಿತ್ತು, ಪಲ್ಯ ಹಚ್ಚಿ ಕಟ್ಟಿದ ಒಂದು ತುತ್ತು ಬೇರೆಯಾಗಿ ಅಂಚಿನಲ್ಲಿತ್ತು. ಮುದುಕಿಯ ಮುಖದಲ್ಲಿ ನೋವಿರಲಿಲ್ಲ. ಮುಂದೆ ಆಕೆ ದೀಪಾವಳಿಯನ್ನು ನೋಡಲಿಲ್ಲ, ಆದರೆ ಅಂದು ಆ ಮನೆಯಲ್ಲಿ ಸಮಾಧಾನದಿಂದ ಇದ್ದವಳು ಆಕೆ ಒಬ್ಬಳೇ.

"ಬಂದ್ಯಾ ಅಪ್ಪಾ? ತಮ್ಮ ಬಂದಿದ್ದ. ಉಂಡ, ನನ್ನ ಕೈಲೆ ಉಂಡ" ಎಂದಳು. "ನಿನ್ನ ಅರ್ಜಿ ಓದಿ ದೊಡ್ಡ ಸಾಹೇಬ ಬಿಟ್ಟನಂತಲ್ಲೋ. ನಿನ್ನ ಹೇಣ್ತಿ ಹೇಳಿದ್ಲು. ಅರಿವಿ ಮಾರಿ ನಿನಗ ಇಂಗ್ಲಿಷ್ ಕಲಿಸಿದ್ದು ಇವತ್ತಿಗೆ ಸಾರ್ಥಕ ಆತು ನೋಡು."

ಅಣ್ಣಾ ಹೆಂಡತಿಯ ಕಡೆ ತಿರುಗಿದರು. ವೈನಿ ತಲೆ ತಗ್ಗಿಸಿದರು. ಅರ್ಜಿ ಇನ್ನೂ ಅಣ್ಣಾ ಅವರ ಕೈಯಲ್ಲೇ ಇತ್ತು.

"ಹೌದವಾ" ಎಂದರು.

"ಏನಂತ ಬರದಿದ್ದೀ? ನನಗೂ ಓದಿ ಹೇಳು."

ಅಣ್ಣಾ ಹೊರಸಿನ ಅಂಚಿಗೆ ಕೂತು ಹಾಳೆಯನ್ನು ಕಣ್ಣ ಮುಂದೆ ಹಿಡಿದರು. ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿತು. ಮೊದಲ ಸಾಲು, ಎರಡನೆಯ ಸಾಲು, ನನಗೆ ಕಂಠಪಾಠವಿದ್ದ ಆ ಸಾಲುಗಳ ಮೇಲೆ ಅವರ ಬೆರಳು ಇಳಿದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು.

"ನಮ್ಮವ್ವಗ ಆರಾಮಿಲ್ಲ. ತಮ್ಮಗ ಒಮ್ಮೆ ತನ್ನ ಕೈಲೆ ಉಣಸಬೇಕಂತಾಳ. ಮನೀಗೆ ಕಳಸ್ರಿ. ಹಂಗಂತ ಬರದೇನವಾ" ಎಂದರು.

ಮುದುಕಿ ಇನ್ನೂ ಏನೋ ಇದೆಯೆಂದು ಕಾದಳು. ಇಲ್ಲವೆಂದು ತಿಳಿದ ಮೇಲೆ ಕೇಳಿದಳು.

"ಇಷ್ಟನ? ಇಷ್ಟ ಬರಿಯಾಕ ಇಷ್ಟ ದಿನಾ ಹಿಡೀತೇನಪಾ?"

ಆಕೆ ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದಳು. ಯಾರ ಯಾವ ಆಕ್ಷೇಪಣೆಗೂ ಉತ್ತರ ಬರೆಯದೆ ಬಿಟ್ಟವರಲ್ಲ ಅಣ್ಣಾ. ಅಂದು ಅವರು ಏನೂ ಹೇಳಲಿಲ್ಲ. ಮುದುಕಿ ತಡವರಿಸಿ ತಾಟಿನಿಂದ ಆ ತುತ್ತನ್ನು ತೆಗೆದು, "ತಗೋ, ನಿನ್ನ ಪಾಲಿಂದು" ಎಂದು ಎತ್ತಿ ಹಿಡಿದಳು. ಅವರು ಬಾಗಿ ಬಾಯಿ ತೆರೆದರು. ಹಾಳೆ ಕೈಯಲ್ಲೇ ಇತ್ತು, ಅವರು ಬಹಳ ಹೊತ್ತು ಅಗಿದರು.